ಏಳನೆಯ ಎಣಿಕೆಗೆ ಬೀಳುವ ಹನಿ

ಬ್ವೇನಾ ಮೊದಲ ಸಲ ನಮ್ಮ ಶಾಲೆಯ ಮೆಟ್ಟಿಲು ಹತ್ತಿ ಬಂದ ದಿನ, ಹಾಸ್ಟೆಲಿನ ಹುಡುಗಿಯರು ಸ್ನಾನ ಮಾಡದೆ ಮೂರು ದಿನವಾಗಿತ್ತು. ಕೆಳಗಿನ ತೊಟ್ಟಿಯಲ್ಲಿ ನೀರಿತ್ತು, ಪಂಪು ಗುಂಯ್ ಎನ್ನುತ್ತಲೂ ಇತ್ತು. ಮೇಲಿನ ನಲ್ಲಿಗಳಲ್ಲಿ ಬರುತ್ತಿದ್ದದ್ದು ಮಾತ್ರ ಬರೀ ಗಾಳಿ. ಹೊಸ ಪಂಪು ಕಳಿಸಿಕೊಡಬೇಕೆಂದು ಮುಖ್ಯೋಪಾಧ್ಯಾಯರು ರಾಜಧಾನಿ ಸುವಾಕ್ಕೆ ಪತ್ರ ಬರೆದು ಮುಗಿಸಿದ್ದರು. ಲಕೋಟೆಗೆ ಅಂಟು ಹಚ್ಚುವುದಷ್ಟೇ ಬಾಕಿ. ಅಷ್ಟರಲ್ಲಿ ನಲವತ್ತರ ಆಸುಪಾಸಿನ, ದಪ್ಪ ತೋಳಿನ ಹೆಂಗಸೊಬ್ಬಳು ಹೂವಿನ ಲುಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು, ಯಾರನ್ನೂ ಕೇಳದೆ ಪಂಪಿನ ಗೂಡಿನೊಳಗೆ ಹೋಗಿ ಕುಳಿತುಬಿಟ್ಟಳು.

"ಯಾರಮ್ಮ ನಿನ್ನ ಕಳಿಸಿದ್ದು?" ಎಂದರು ಮುಖ್ಯೋಪಾಧ್ಯಾಯರು.

"ಯಾರೂ ಇಲ್ಲ ಮೇಷ್ಟ್ರೇ. ದಾರೀಲಿ ಹೋಗ್ತಿದ್ದೆ, ಇದು ಅಳ್ತಿರೋದು ಕೇಳಿಸ್ತು."

ಸ್ಕ್ರೂಡ್ರೈವರಿನ ತುದಿಯನ್ನು ಪಂಪಿನ ಹೊಟ್ಟೆಗೆ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಸ್ವಿಚ್ಚು ಆರಿಸಿ, "ಮೋಟರ್ ಚೆನ್ನಾಗಿದೆ. ಇದಕ್ಕೆ ಬಾಯಾರಿದೆ, ಅಷ್ಟೆ. ಅಡುಗೆಮನೆಯಿಂದ ಒಂದು ಕೆಟಲ್ ನೀರು ತರಿಸಿ" ಎಂದಳು.

"ನೀರೆತ್ತೋ ಯಂತ್ರಕ್ಕೇ ನೀರು ಕುಡಿಸ್ಬೇಕಾ?"

"ನೀವು ಪಾಠಕ್ಕೆ ಹೋಗೋ ಮುಂಚೆ ಚಹಾ ಕುಡಿಯಲ್ವಾ?"

ಮೇಲಿನ ಬಿರಡೆ ಬಿಚ್ಚಿ ಪಂಪಿನ ಹೊಟ್ಟೆ ತುಂಬುವ ತನಕ ನೀರು ಹೊಯ್ದಳು. ಪಂಪು ಶುರುವಾದ ಮೇಲೆ ತೊಟ್ಟಿಯಿಂದ ಬರುವ ಕೊಳವೆಯ ಕೀಲುಗಳಿಗೆಲ್ಲ ಸಾಬೂನಿನ ನೊರೆ ಬಳಿದಳು. ಒಂದು ಕೀಲಿನಲ್ಲಿ ನೊರೆ ಸುಳಿದು ಒಳಕ್ಕೆ ಹೀರಿಕೊಂಡಿತು. "ಇಲ್ಲಿ ನೋಡಿ, ಕಳ್ಳ. ನೀರಿನ ಜೊತೆ ಗಾಳೀನೂ ಕುಡೀತಿತ್ತು." ಪಟ್ಟಿ ಸುತ್ತಿ ಬಿಗಿ ಮಾಡಿದಳು. ಹತ್ತು ನಿಮಿಷದಲ್ಲಿ ಹಾಸ್ಟೆಲಿನಿಂದ ಹುಡುಗಿಯರ ಗಲಾಟೆ ಕೇಳಿಸಿತು.

ಏನು ಕೊಡಬೇಕೆಂದು ಕೇಳಿದಾಗ ಅವಳು ಲುಂಗಿಗೆ ಕೈ ಒರೆಸಿಕೊಂಡಳು. "ನಿಮ್ಮ ಶಾಲೇಲಿ ದೊಡ್ಡ ಭೂಪಟ ಇದೆಯಂತಲ್ಲ. ಅದನ್ನೊಂದ್ಸಲ ನೋಡ್ಬೇಕಿತ್ತು."

ಏಳನೆಯ ತರಗತಿಯ ಗೋಡೆಯ ಮೇಲೆ ಶಾಂತಸಾಗರದ ಪಟವಿತ್ತು. ಫಿಜಿಯನ್ನು ಹುಡುಕಿ, ಅದರ ಈಶಾನ್ಯದ ಮೂಲೆಯಲ್ಲಿ ನಮ್ಮ ರಾಂಬಿ ದ್ವೀಪವನ್ನು ಹುಡುಕಿ, ಅಲ್ಲಿಂದ ವಾಯವ್ಯಕ್ಕೆ, ಭೂಮಧ್ಯರೇಖೆಯ ತನಕ, ನೀಲಿಯ ಮೇಲೆ ಬೆರಳು ಎಳೆದುಕೊಂಡು ಹೋದಳು. ಬೆರಳು ನಿಂತ ಕಡೆ ಸಾಸಿವೆಯಷ್ಟು ಒಂದು ಚುಕ್ಕೆ. ಅವಳು ಬೆರಳು ಇಟ್ಟಾಗ ಚುಕ್ಕೆ ಕಾಣಿಸಲಿಲ್ಲ. ತೆಗೆದಾಗ ಅದರ ಮೇಲೆ ಗ್ರೀಸಿನ ಕಲೆ ಉಳಿದಿತ್ತು. ಇಂದಿಗೂ ಆ ಪಟದಲ್ಲಿ ಬನಾಬ ದ್ವೀಪ ಎಲ್ಲಿದೆ ಎಂದು ಕೇಳಿದರೆ ಮಕ್ಕಳು ಆ ಕಲೆಯನ್ನು ತೋರಿಸುತ್ತಾರೆ.

ಬ್ವೇನಾ ಹುಟ್ಟಿದ್ದು ರಾಂಬಿಯಲ್ಲಿ. ಅವಳ ತಾಯಿ ಹುಟ್ಟಿದ್ದೂ ರಾಂಬಿಯಲ್ಲೇ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬನಾಬದವರನ್ನೆಲ್ಲ ಹಡಗಿನಿಂದ ತಂದು ಇಳಿಸಿದಾಗ ಕೊಟ್ಟಿದ್ದ ಡೇರೆಯೊಂದರೊಳಗೆ, ಧೋ ಎಂದು ಮಳೆ ಸುರಿಯುವಾಗ. ಆ ಮಳೆಯನ್ನು ಕಂಡು ಅಜ್ಜಿ ಅತ್ತಿದ್ದಳಂತೆ. ಬನಾಬದಲ್ಲಿ ಹೊಳೆಯಿಲ್ಲ, ಬಾವಿಯಿಲ್ಲ. ನೆಲದಡಿಯ ಗುಹೆಗಳಲ್ಲಿ ಬಂಡೆಯಿಂದ ತೊಟ್ಟಿಕ್ಕುವ ನೀರೇ ಗತಿ. ಆ ಗುಹೆಗಳಿಗೆ ಇಳಿಯುವುದು ಹೆಂಗಸರಿಗೆ ಮಾತ್ರ ಸಲ್ಲುತ್ತಿತ್ತು. ತೆಂಗಿನ ಕರಟಗಳನ್ನು ಕೊರಳಿಗೆ ಕಟ್ಟಿಕೊಂಡು ಹೊಟ್ಟೆಯ ಮೇಲೆ ತೆವಳಿ ಹೋಗುವರು. ಕರಟ ತುಂಬುವ ತನಕ ಮಾತಿಲ್ಲದೆ ಕೂರುವರು. ಪರದೇಶದ ಯಂತ್ರಗಳು ಬಂದು ಗೊಬ್ಬರ ಮಾಡುವ ಫಾಸ್ಫೇಟ್ ಕಲ್ಲಿಗಾಗಿ ದ್ವೀಪವನ್ನೆಲ್ಲ ಅಗೆದು ಹಡಗಿಗೆ ತುಂಬಿದ ಮೇಲೆ ಎಷ್ಟು ಗುಹೆ ಉಳಿದವೋ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತನ್ನ ತಾಯಿಯ ಗುಹೆಯ ನೀರನ್ನು ಒಂದು ಗುಟುಕಾದರೂ ಕುಡಿಯಬೇಕೆಂದು ಬ್ವೇನಾಳ ತಾಯಿ ಬದುಕಿದಷ್ಟು ದಿನವೂ ಹೇಳುತ್ತಿದ್ದಳು. ಕುಡಿಯದೆ ಹೋದಳು. ಆ ಬಯಕೆ ಮನೆಯ ಪಾತ್ರೆ ಪಗಡಗಳ ಹಾಗೆ ಮಗಳಿಗೆ ಬಂತು.

ಪ್ರಾಯದಲ್ಲಿ ಅವಳು ಸುವಾದ ಪಂಪು ರಿಪೇರಿ ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ್ದಳು. ಎಂಟು ವರ್ಷ ಕಳೆದು ಊರಿಗೆ ಮರಳುವಾಗ ಆ ಅಂಗಡಿಯಲ್ಲಿ ಅವಳಿಗೆ ಬಿಚ್ಚಲು ಬಾರದ ಪಂಪು ಇರಲಿಲ್ಲ. ಉಪಕರಣದ ಪೆಟ್ಟಿಗೆ ಹೊತ್ತು ದೋಣಿಯಿಂದ ಇಳಿದವಳನ್ನು ನೋಡಿ ಮೀನು ಹಿಡಿಯುವ ಟಾವಿತಾ, "ಬನಾಬದಲ್ಲಿ ಗಂಡಸರನ್ನ ಗುಹೆ ಹತ್ರ ಬಿಡ್ತಿರ್ಲಿಲ್ಲ. ಇಲ್ಲಿ ಪಂಪಿನ ಹತ್ರಾನೂ ಬಿಡಲ್ವೇನೇ?" ಎಂದಿದ್ದ.

"ಬಿಡಲ್ಲ. ಮೀನು ತರೋದಾದ್ರೆ ಮನೆ ಹತ್ರ ಬಿಡ್ತೀನಿ" ಎಂದಳು. ಅವರ ಮದುವೆ ನಿಶ್ಚಯವಾದದ್ದು ಹೀಗೆ.

ಅವಳ ಊರಾದ ಬುವಾಕೊನಿಕಾಯ್‌ನ ಮೇಲಿನ ಸಾಲಿನಲ್ಲಿ ಒಂಬತ್ತು ಮನೆಗಳು. ಒರತೆಯ ತೊಟ್ಟಿ ಅವುಗಳಿಗಿಂತ ತಗ್ಗಿನಲ್ಲಿದೆ. ಕೆಳಗಿನ ಮನೆಗಳಿಗೆ ನೀರು ತಾನಾಗಿ ಇಳಿಯುತ್ತದೆ. ಮೇಲಿನವರಿಗೆ ತಗಡಿನ ಗೂಡಿನಲ್ಲಿರುವ ಸಣ್ಣ ಪಂಪೇ ದಿಕ್ಕು. ಅದು ಚಾವಣಿಯ ಸೋಲಾರ್ ಹಲಗೆಗಳಿಂದ ನಡೆಯುತ್ತದೆ. ಪಕ್ಕದಲ್ಲಿ ನೀಲಿ ಬಣ್ಣದ ಪ್ರೆಷರ್ ಟ್ಯಾಂಕು, ಅದರೊಳಗೆ ಅರ್ಧ ನೀರು, ಅರ್ಧ ಅಮುಕಿಟ್ಟ ಗಾಳಿ. ನಲ್ಲಿ ತೆರೆದರೆ ಮೊದಲು ಆ ಗಾಳಿಯೇ ನೀರನ್ನು ದೂಡುತ್ತದೆ. ಒತ್ತಡ ಇಪ್ಪತ್ತಕ್ಕೆ ಇಳಿದಾಗ ಪಂಪು ಏಳುತ್ತದೆ, ನಲವತ್ತಕ್ಕೆ ಏರಿದಾಗ ಮಲಗುತ್ತದೆ. ಬ್ವೇನಾ ಅದನ್ನು ಮಾತಾಡಿಸುತ್ತಿದ್ದದ್ದೂ ಹಾಗೆಯೇ: "ಇಪ್ಪತ್ತಕ್ಕೆ ಏಳಪ್ಪ, ನಲವತ್ತಕ್ಕೆ ಮಲಗಪ್ಪ, ನಡುವೆ ನನ್ನ ಪ್ರಾಣ ತಿನ್ಬೇಡ."

ಅವಳಿಗೆ ನಲವತ್ತೈದಾದ ವರ್ಷ ಬನಾಬಕ್ಕೆ ಒಂದು ಹಡಗು ಹೋಗುವುದೆಂದು ಗೊತ್ತಾಯಿತು. ಹಿಂದಿನ ಹಡಗು ಹೋಗಿ ಆರು ವರ್ಷವಾಗಿತ್ತು. ರಾಂಬಿಯ ಪ್ರತಿ ಊರಿಗೂ ನಾಲ್ಕು ಜಾಗ. ಬ್ವೇನಾಳ ಹೆಸರು ನಾಲ್ಕನೆಯದಾಗಿ ಪಟ್ಟಿಗೆ ಹತ್ತಿತು. ಆ ವಾರ ಅವಳು ಪಂಪಿನ ಗೂಡಿನಲ್ಲಿ ಹಾಡಿಕೊಂಡದ್ದನ್ನು ಸಾಲಿನವರೆಲ್ಲ ಕೇಳಿದರು.

ಹಡಗು ಹೊರಡಲು ಹನ್ನೊಂದು ದಿನ ಇರುವಾಗ ಮೇಲಿನ ಸಾಲಿನ ಪಂಪು ಕೆಟ್ಟಿತು. ಕೆಟ್ಟಿತು ಎಂದರೆ ನಿಂತಿರಲಿಲ್ಲ; ನಿಲ್ಲುತ್ತಲೇ ಇರಲಿಲ್ಲ. ನಾಲ್ಕು ನಿಮಿಷಕ್ಕೊಮ್ಮೆ ಏಳುವುದು, ಅರೆ ನಿಮಿಷ ಓಡುವುದು, ಮಲಗುವುದು, ಮತ್ತೆ ಏಳುವುದು. ಹೀಗೆ ಎದ್ದೂ ಬಿದ್ದೂ ಬ್ಯಾಟರಿ ಮಧ್ಯಾಹ್ನಕ್ಕೇ ಸೋಲುತ್ತಿತ್ತು, ಮೋಟರು ಮುಟ್ಟಿದರೆ ಕೈ ಸುಡುತ್ತಿತ್ತು.

ಊರ ಸಮಿತಿಯ ಹಿರಿಯ ಬೌರೋ ಕೋಲೂರಿಕೊಂಡು ಮೇಲೆ ಹತ್ತಿ ಬಂದ. ಹಡಗಿನ ಪಟ್ಟಿ ಇದ್ದದ್ದು ಅವನ ಜೇಬಿನಲ್ಲಿ.

"ಬ್ವೇನಾ, ಈ ಮೋಟರ್ ಸುಟ್ಟುಹೋದ್ರೆ ಇನ್ನೊಂದು ಬರೋಕೆ ಎಷ್ಟು ದಿನ?"

"ಮೂರು ತಿಂಗಳಾದ್ರೂ ಬೇಕು, ಮಾವ."

"ನೀನು ಹಡಗಲ್ಲಿ ಕೂತಿರ್ತೀಯ. ಒಂಬತ್ತು ಮನೆಯೋರು ಕೊಡ ಹೊತ್ಕೊಂಡು ನನ್ನ ಬಾಗಿಲಿಗೆ ಬಂದು ಬೈತಾರೆ. ನಾನು ಯಾವ ಹಡಗು ಹತ್ಲಿ?"

"ಸರಿ ಮಾಡೇ ಹೋಗ್ತೀನಿ."

"ಸರಿ ಮಾಡಿದ್ರೆ ಹೋಗ್ತೀಯ" ಎಂದ ಬೌರೋ. "ನಿನ್ನ ಹಿಂದೆ ಐದನೆಯವನು ಕಾಯ್ತಿದ್ದಾನೆ. ಬರೋ ವಾರ ಬುಧವಾರದೊಳಗೆ ಅವನಿಗೆ ಹೇಳ್ಬೇಕು ಕಣಮ್ಮ" ಎಂದು ಜೇಬು ಮುಟ್ಟಿ ನೋಡಿಕೊಂಡು ಇಳಿದು ಹೋದ.

ಮೊದಲು ಅವಳು ನೀಲಿ ಟ್ಯಾಂಕನ್ನು ಹಿಡಿದಳು. ನೀರೆಲ್ಲ ಬಸಿದು ಗಾಳಿ ಅಳೆದರೆ ಹದಿನೆಂಟು ಇರಬೇಕಾದದ್ದು ಆರಕ್ಕೆ ಇಳಿದಿತ್ತು. ಟಾವಿತಾನ ಸೈಕಲ್ ಪಂಪಿನಿಂದ ಬೆವರು ಸುರಿಸಿಕೊಂಡು ಗಾಳಿ ತುಂಬಿದಳು. ನಾಲ್ಕು ನಿಮಿಷಕ್ಕೊಮ್ಮೆ ಏಳುತ್ತಿದ್ದದ್ದು ಇಪ್ಪತ್ತು ನಿಮಿಷಕ್ಕೊಮ್ಮೆಯಾಯಿತು. ರೋಗ ಅರ್ಧ ಇಳಿಯಿತು, ಪೂರ್ತಿ ಹೋಗಲಿಲ್ಲ. ಮೂರು ಮನೆಗಳಲ್ಲಿ ಬಟ್ಟೆ ಒಗೆಯದೆ, ಎರಡು ಮನೆಗಳಲ್ಲಿ ಸ್ನಾನ ಮಾಡದೆ ಕಾದು ನೋಡಿದರೂ ಪಂಪು ಇಪ್ಪತ್ತು ನಿಮಿಷಕ್ಕೆ ಗಡಿಯಾರದಂತೆ ಏಳುತ್ತಿತ್ತು. ನೀರು ಹಿಂದಕ್ಕೆ ಜಾರದಂತೆ ತಡೆಯುವ ವಾಲ್ವನ್ನು ಬಿಚ್ಚಿ ಒಳಗಿದ್ದ ಮರಳಿನ ಕಣ ತೆಗೆದಳು. ಸ್ವಿಚ್ಚಿನ ಸುಟ್ಟ ತುದಿಗಳನ್ನು ಉಜ್ಜಿದಳು. ನೆಲದಡಿಯ ಕೊಳವೆಯ ಜಾಡಿನುದ್ದಕ್ಕೂ ಬರಿಗಾಲಿನಲ್ಲಿ ನಡೆದು ಒದ್ದೆ ನೆಲ ಹುಡುಕಿದಳು. ಮನೆಮನೆಗೆ ಹೋಗಿ ನಲ್ಲಿ ನೋಡಿದಳು.

ಸಾಲಿನ ಕೊನೆಯ ಮನೆ ಮಾಯೆರೆಯದು. ಮಾಯೆರೆ ಬ್ವೇನಾಳ ಅಜ್ಜಿಯ ಕೊನೆಯ ತಂಗಿ. ಬನಾಬದಲ್ಲಿ ಹುಟ್ಟಿ, ಒಂಬತ್ತು ವರ್ಷದ ತನಕ ಆ ಗುಹೆಗೆ ಅಕ್ಕನ ಹಿಂದೆ ತೆವಳಿದವಳು. ಅಷ್ಟು ದೂರ ಬಂದು ಉಳಿದವರಲ್ಲಿ ಗುಹೆಯ ದಾರಿ ಬಲ್ಲವಳು ಅವಳೊಬ್ಬಳೇ. ಬ್ವೇನಾ ಎಷ್ಟೋ ಸಲ ಕೇಳಿದ್ದಳು. "ಇಲ್ಲಿ ನಲ್ಲೀಲಿ ಬರುತ್ತಲ್ಲ, ಕುಡಿ" ಎಂಬುದೊಂದೇ ಉತ್ತರ. ಹಡಗಿನ ಪಟ್ಟಿಯಲ್ಲಿ ಹೆಸರು ಬಂದ ದಿನವೂ ಮುದುಕಿ ದೀವಿಹಲಸಿನ ಹೋಳುಗಳಿಗೆ ತೆಂಗಿನ ಹಾಲು ಹೊಯ್ದು ಮುಂದಿಟ್ಟಳು, ಅಷ್ಟೆ.

"ಅಜ್ಜಿ, ನಿನ್ನ ನಲ್ಲಿ ಸೋರ್ತಿದೆಯಾ?" ಎಂದು ಅವಳ ಕಿವಿಯ ಹತ್ತಿರ ಗಟ್ಟಿಯಾಗಿ ಕೇಳಿದಳು ಬ್ವೇನಾ. ಈಚಿನ ವರ್ಷಗಳಲ್ಲಿ ಮುದುಕಿಗೆ ಕಿವಿ ಮಂದವಾಗಿತ್ತು.

"ನನ್ನ ಮನೇಲಿ ನೀರು ಪೋಲಾಗುತ್ತಾ? ನಾನು ಯಾರ ಮನೆ ಮಗಳು ಗೊತ್ತಾ?"

ನಲ್ಲಿ ಒಣಗಿತ್ತು. ಬ್ವೇನಾ ನಾಚಿಕೊಂಡು ಹೊರಟಳು.

ಶನಿವಾರ ಕಳೆಯಿತು. ಮರುದಿನ ಭಾನುವಾರ. ರಾಂಬಿಯಲ್ಲಿ ಭಾನುವಾರ ಯಾರೂ ಕೆಲಸ ಮಾಡುವುದಿಲ್ಲ. ಬಲೆ ಒಣಗಿಸುವುದಿಲ್ಲ, ಬಟ್ಟೆ ಹಿಂಡುವುದಿಲ್ಲ; ಬೆಳಿಗ್ಗೆ ಗಂಟೆ ಬಾರಿಸಿದರೆ ಊರಿಗೆ ಊರೇ ಚರ್ಚಿನಲ್ಲಿರುತ್ತದೆ. ಹಾಡುವ ಹೆಂಗಸರ ಸಾಲಿನಲ್ಲಿ ಬ್ವೇನಾಳ ಜಾಗ ನಡುವೆ. ಅವಳು ಬಾರದಿದ್ದರೆ ಹಾಡಿಗೆ ಗೋಡೆ ಕುಸಿದಂತಾಗುತ್ತಿತ್ತು. ಆದರೆ ಆ ಎರಡು ಗಂಟೆ ಮೇಲಿನ ಸಾಲಿನಲ್ಲಿ ಒಂದು ನಲ್ಲಿಯನ್ನೂ ಯಾರೂ ಮುಟ್ಟುವುದಿಲ್ಲ ಎಂಬುದು ಅವಳಿಗೆ ಹೊಳೆದಿತ್ತು. ನೀರು ಎಲ್ಲಿಗಾದರೂ ಹೋಗುತ್ತಿದ್ದರೆ ಆಗ ಅಡಗಲಾರದು.

ಟಾವಿತಾ ಬಿಳಿ ಅಂಗಿ ತೊಟ್ಟು ಬಾಗಿಲಲ್ಲಿ ನಿಂತ. "ಬೌರೋ ಕೇಳಿದ್ರೆ ಏನನ್ಲಿ?"

"ಹೊಟ್ಟೆನೋವು ಅನ್ನು."

"ಚರ್ಚಲ್ಲಿ ಸುಳ್ಳು ಹೇಳಿಸ್ತೀಯ?"

"ಹಾಗಾದ್ರೆ ನಿಜ ಹೇಳು. ಸ್ಪ್ಯಾನರ್ ಮುಟ್ಟಿಲ್ಲ, ಬರೀ ನೋಡ್ತಾ ಕೂತಿದ್ದಾಳೆ ಅನ್ನು."

ಕೆಳಗಿನಿಂದ ಮೊದಲ ಹಾಡು ಕೇಳಿಸಿದಾಗ ಅವಳು ಗೂಡಿನಲ್ಲಿ ಒತ್ತಡ ತೋರಿಸುವ ಗೇಜಿನ ಮುಂದೆ ಕುಳಿತಿದ್ದಳು. ತನ್ನ ಜಾಗದ ದನಿ ಇಲ್ಲದ್ದು ಅವಳಿಗೇ ಕೇಳಿಸಿತು. ಮುಳ್ಳು ನಲವತ್ತರಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಇಳಿಯುತ್ತಿತ್ತು. ಗೂಡಿನಿಂದ ಹೊರಹೋಗುವ ಕೊಳವೆಯ ವಾಲ್ವನ್ನು ಮುಚ್ಚಿದಳು. ಮುಳ್ಳು ನಿಂತಿತು. ಪಂಪು, ಟ್ಯಾಂಕು ಎರಡೂ ನಿರಪರಾಧಿಗಳು, ಕಳ್ಳ ಹೊರಗಿದ್ದಾನೆ. ಮತ್ತೆ ತೆರೆದು, ಒಂದೊಂದು ಮನೆಗೆ ಕವಲೊಡೆಯುವ ವಾಲ್ವನ್ನು ಕೈಯಿಂದಲೇ ಮುಚ್ಚುತ್ತ, ಪ್ರತಿ ಸಲವೂ ಗೂಡಿಗೆ ಮರಳಿ ಮುಳ್ಳನ್ನು ನೋಡುತ್ತ ಬಂದಳು. ಮೊದಲ ಮನೆ, ಎರಡನೆಯದು, ಐದನೆಯದು. ನಡುವೆ ಪಂಪು ಎದ್ದು ಮಲಗಿದ ಮೇಲೂ ಮುಳ್ಳು ಮತ್ತೆ ಇಳಿಯುತ್ತಲೇ ಇತ್ತು. ಪ್ರವಚನ ಮುಗಿದು ಮತ್ತೊಂದು ಹಾಡು ಶುರುವಾಯಿತು. ಒಂಬತ್ತನೆಯ ವಾಲ್ವನ್ನು ಮುಚ್ಚಿ ಬಂದು ನೋಡಿದಳು. ಮುಳ್ಳು ಮೂವತ್ತೊಂದರ ಮೇಲೆ ಮೊಳೆ ಹೊಡೆದಂತೆ ನಿಂತಿತ್ತು.

ಒಂಬತ್ತನೆಯದು ಮಾಯೆರೆಯ ಮನೆ. ಮೊಣಕಾಲು ನೋವಿನಿಂದ ಚರ್ಚಿಗೆ ಇಳಿಯಲಾಗದೆ ಮನೆಯಲ್ಲೇ ಉಳಿದವಳು ಅವಳೊಬ್ಬಳು.

ಬ್ವೇನಾ ಹಿತ್ತಲಿನಿಂದ ಹೋದಳು. ಮುದುಕಿ ನಲ್ಲಿಯ ಪಕ್ಕದಲ್ಲಿ ಚಾಪೆ ಹಾಸಿ, ಕಣ್ಣು ಮುಚ್ಚಿ, ತಲೆಯನ್ನು ಒಂದು ಬದಿಗೆ ವಾಲಿಸಿ ಕುಳಿತಿದ್ದಳು. ನಲ್ಲಿಯ ಕೆಳಗೆ ಹೊಳಪುಗಟ್ಟಿದ ಹಳೆಯ ಕರಟ. ನಲ್ಲಿಯಿಂದ ಸಣ್ಣ ದಾರದಂತೆ ಸುರಿಯುತ್ತಿದ್ದ ನೀರು ಈಗಷ್ಟೇ ಕಡಿದುಹೋಗಿತ್ತು. ಕರಟ ತುಂಬಿ ಚೆಲ್ಲಿದ ನೀರೆಲ್ಲ ಕಾಲುವೆಯಾಗಿ ಕೆಸುವಿನ ಗುಂಡಿಗೆ ಇಳಿದಿತ್ತು. ಒದ್ದೆ ನೆಲ ಹುಡುಕುವಾಗ ಕೆಸುವಿನ ಗುಂಡಿಯನ್ನು ಯಾರು ಅನುಮಾನಿಸುತ್ತಾರೆ?

ಸದ್ದು ನಿಂತದ್ದು ಮುದುಕಿಗೆ ಗೊತ್ತಾಗಿರಬೇಕು. ಕಣ್ಣು ತೆರೆದಳು. ಬ್ವೇನಾಳನ್ನು ಕಂಡು ಕರಟವನ್ನು ಲುಂಗಿಯ ಅಂಚಿನಡಿಗೆ ಎಳೆದುಕೊಳ್ಳಲು ಹೋದಳು. ಅವಸರದಲ್ಲಿ ನೀರು ಚೆಲ್ಲಿತು. ಎಪ್ಪತ್ತೆಂಟು ವರ್ಷದ ಆ ಮುಖದಲ್ಲಿ ಕದ್ದು ಸಿಕ್ಕಿಬಿದ್ದ ಹುಡುಗಿಯ ನಾಚಿಕೆ ಇತ್ತು.

"ಯಾರಿಗೂ ಹೇಳ್ಬೇಡ ಕಣೇ" ಎಂದಳು. "ನಮ್ಮ ಮನೆತನದಲ್ಲಿ ಒಂದು ಗುಟುಕು ಚೆಲ್ಲಿದ್ರೂ ಬೆನ್ನಿಗೆ ಬೀಳ್ತಿತ್ತು."

ಬ್ವೇನಾ ಚಾಪೆಯ ತುದಿಯಲ್ಲಿ ಕುಳಿತಳು. "ಯಾವಾಗಿಂದ ಅಜ್ಜಿ?"

"ಅವರು ಹೋದ ವರ್ಷದಿಂದ." ಅವರು ಎಂದರೆ ಗಂಡ, ತೀರಿಕೊಂಡದ್ದು ಹನ್ನೆರಡು ವರ್ಷದ ಹಿಂದೆ. "ಮೊದಲು ಬರೀ ಹನಿ. ಗುಹೇಲಿ ಬೀಳ್ತಿತ್ತಲ್ಲ, ಹಾಗೆ. ಏಳು ಎಣಿಸೋ ಹೊತ್ತಿಗೆ ಒಂದು. ಭಾನುವಾರ ಎಲ್ಲರೂ ಹೋದ ಮೇಲೆ ಕೇಳ್ತಿದ್ದೆ. ಆಮೇಲೆ ದಿನಾ. ಬರ್ತಾ ಬರ್ತಾ ಕೇಳಿಸದೆ ಹೋಯ್ತು. ಒಂಚೂರು ತಿರುಗಿಸಿದೆ. ಮತ್ತೂ ಕೇಳಿಸ್ಲಿಲ್ಲ, ಇನ್ನೊಂಚೂರು." ಬೆರಳುಗಳನ್ನು ಮಡಚಿ ತೆರೆದಳು. "ಯಾರಾದ್ರೂ ಬಂದ್ರೆ ಮುಚ್ತಿದ್ದೆ. ಪಂಪು ಕೆಟ್ಟದ್ದು ನನ್ನಿಂದ್ಲಾ?"

"ಗಾಳಿ ಕಡಿಮೆಯಾಗಿತ್ತು."

"ನನ್ನಿಂದ್ಲೂ ಹೌದಾ?"

"ಒಂಚೂರು" ಎಂದಳು ಬ್ವೇನಾ.

ನಲ್ಲಿಯನ್ನು ಗಟ್ಟಿಯಾಗಿ ಮುಚ್ಚಿ ಹೊಸ ವಾಷರ್ ಹಾಕಿದರೆ ಕೆಲಸ ಮುಗಿಯುತ್ತಿತ್ತು. ಹಡಗಿಗೆ ನಾಲ್ಕು ದಿನ ಉಳಿದಿತ್ತು. ಅವಳು ಮನೆಗೆ ಹೋದಳು, ಗಂಡ ತಂದಿಟ್ಟಿದ್ದ ತಣ್ಣನೆಯ ಮೀನು ತಿಂದಳು, "ಬೌರೋ ನಿನ್ನ ಹೊಟ್ಟೇನ ವಿಚಾರಿಸಿದ" ಎಂದ ಅವನ ಕುಚೋದ್ಯಕ್ಕೆ ನಗಲೂ ಇಲ್ಲ.

ಸೋಮವಾರ ಬೆಳಿಗ್ಗೆ ಅವಳು ಮಾಯೆರೆಯ ಹಿತ್ತಲಿಗೆ ಹೋದದ್ದು ವಾಷರಿನ ಜೊತೆಗೆ ಇನ್ನೂ ಕೆಲವು ಸಾಮಾನು ಹೊತ್ತುಕೊಂಡು. ತೋಟದ ಗಿಡಗಳಿಗೆ ಹನಿ ನೀರು ಬಿಡುವ, ಬೆರಳುಗಾತ್ರದ ಒಂದು ವಾಲ್ವು ಅವಳ ಪೆಟ್ಟಿಗೆಯಲ್ಲಿ ಬಹಳ ದಿನದಿಂದ ಬಿದ್ದಿತ್ತು. ನಲ್ಲಿಯ ಹಿಂದೆ ಕೊಳವೆಗೆ ತೂತು ಕೊರೆದು ಅದನ್ನು ಕೂರಿಸಿದಳು. ಹನಿಯನ್ನು ದೊಡ್ಡದು ಮಾಡುವ ಬದಲು ಅದರ ಸದ್ದನ್ನು ದೊಡ್ಡದು ಮಾಡಬೇಕೆಂಬುದು ಅವಳ ಲೆಕ್ಕ. ಮೊದಲು ಕಬ್ಬಿಣದ ಬೋಗುಣಿ ಇಟ್ಟಳು.

"ಇದು ಅಡುಗೆಮನೆ ಸದ್ದು" ಎಂದಳು ಮಾಯೆರೆ.

ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬ ಇಟ್ಟಳು. "ಇದು ಮಳೆ ಸದ್ದು. ಡೇರೆ ನೆನಪಾಗುತ್ತೆ, ತೆಗಿ."

ಕೊನೆಗೆ ಖಾಲಿ ಡ್ರಮ್ಮೊಂದನ್ನು ಕೋಣೆಯ ಕಿಟಕಿಯ ಕೆಳಗೆ ಅರ್ಧ ಹೂತು, ತಳದಲ್ಲಿ ಮೊಳದಷ್ಟು ನೀರು ನಿಲ್ಲಿಸಿ, ಬಾಯಿಗೆ ಹಲಗೆ ಮುಚ್ಚಿ, ಹಲಗೆಯ ನಡುವೆ ಒಂದು ತೂತು ಬಿಟ್ಟಳು. ಹನಿ ಆ ತೂತಿನಿಂದ ಕತ್ತಲೆಗೆ ಇಳಿದು ನೀರಿಗೆ ಬಿದ್ದಾಗ ಡ್ರಮ್ಮಿನ ಹೊಟ್ಟೆಯೆಲ್ಲ ಮೊಳಗಿ ಟೊಂಕ್ ಎಂದಿತು.

ಮಾಯೆರೆ ಕಿಟಕಿಯ ಕಡೆಗೆ ತಲೆ ವಾಲಿಸಿದಳು. ಮುಂದಿನ ಹನಿ ಬಿತ್ತು. "ಬೇಗ ಆಯ್ತು" ಎಂದಳು. ಬ್ವೇನಾ ವಾಲ್ವನ್ನು ಉಗುರಿನಿಂದ ತಿರುಗಿಸಿದಳು. "ಈಗ ತಡ. ಇಲ್ಲ, ಇನ್ನೊಂಚೂರು ಬಿಡು. ಸಾಕು, ಸಾಕು. ಮುಟ್ಬೇಡ." ಇಬ್ಬರೂ ಒಟ್ಟಿಗೆ ಏಳು ಎಣಿಸಿದರು. ಏಳಕ್ಕೆ ಸರಿಯಾಗಿ ಹನಿ ಬಿತ್ತು. ಒಂದು ಹಗಲು ಒಂದು ಇರುಳಿಗೆ ಒಂದು ಚೊಂಬಿನಷ್ಟೂ ಆಗದ ನೀರು. ಪಂಪಿಗೆ ಗೊತ್ತೂ ಆಗದು.

ಮುದುಕಿ ಬಹಳ ಹೊತ್ತು ಕೇಳುತ್ತ ಕುಳಿತಿದ್ದಳು. ಆಮೇಲೆ, "ಕೈ ಕೊಡು" ಎಂದಳು.

ಬ್ವೇನಾಳ ಮುಂಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೆರಳನ್ನು ನೀರಿನಲ್ಲಿ ಅದ್ದಿ, ಮಣಿಕಟ್ಟಿನಿಂದ ಮೊಣಕೈಯ ಕಡೆಗೆ ಒಂದು ಗೆರೆ ಎಳೆದಳು. "ಇದು ದಡದಿಂದ ಬರೋ ದಾರಿ. ಇಲ್ಲಿ ಎರಡು ಬಂಡೆ ಭುಜಕ್ಕೆ ಭುಜ ಕೊಟ್ಟು ನಿಂತಿವೆ. ನಡುವೆ ನಿಂತು ಸಮುದ್ರಕ್ಕೆ ಬೆನ್ನು ಮಾಡು. ಎಡಗಾಲ ಹತ್ರ ಬಾಯಿ. ಸಣ್ಣದು, ನೀನು ದಪ್ಪಗಿದ್ದೀಯ, ಉಸಿರು ಬಿಟ್ಟು ಹೋಗು." ಅವರ ಮನೆತನದಲ್ಲಿ ಗುಹೆಯ ದಾರಿಯನ್ನು ಹೆಣ್ಣುಮಕ್ಕಳಿಗೆ ಕೊಡುತ್ತಿದ್ದದ್ದು ಹೀಗೆ, ಒದ್ದೆ ಬೆರಳಿನಿಂದ, ಒಂದೇ ಸಲ. ಬಿಸಿಲಿಗೆ ಗೆರೆ ಆರುವ ತನಕ ಬ್ವೇನಾ ಕೈಯನ್ನು ಅಲ್ಲಾಡಿಸಲಿಲ್ಲ.

ಮರುದಿನ ಬೌರೋ ಬಂದು, ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು, ಗೂಡಿನಲ್ಲಿ ಒಂದು ಗಂಟೆ ಕುಳಿತ. ಪಂಪು ಒಂದು ಸಲವೂ ಏಳಲಿಲ್ಲ.

"ಏನಾಗಿತ್ತು?"

"ಗಾಳಿ ಕಡಿಮೆಯಾಗಿತ್ತು. ಜೊತೆಗೆ ಒಂದು ವಾಷರ್ ಹೋಗಿತ್ತು."

"ಯಾರ ಮನೇದು?"

"ವಾಷರ್ದು, ಮಾವ" ಎಂದಳು ಬ್ವೇನಾ.

ಅವನು ಅವಳನ್ನು ಒಮ್ಮೆ ನೋಡಿ, ಪಟ್ಟಿ ತೆಗೆದು, ಅವಳ ಹೆಸರಿನ ಮುಂದೆ ಸರಿ ಗುರುತು ಹಾಕಿದ. "ಭಾನುವಾರದ ಹೊಟ್ಟೆನೋವು ವಾಸಿಯಾಯ್ತಾ?"

"ಆಯ್ತು."

"ಹಡಗಲ್ಲಿ ಎರಡು ಭಾನುವಾರ ಬರುತ್ತೆ. ಹಾಡಿ ತೀರಿಸು."

ಆರು ಹಗಲು ಆರು ಇರುಳು ಹಡಗು. ಬನಾಬದಲ್ಲಿ ಇಳಿದ ಮೊದಲ ಮೂರು ದಿನ ಅವಳಿಗೆ ಏನೂ ಸಿಗಲಿಲ್ಲ. ಮುಂಗೈಯ ಮೇಲಿದ್ದ ದಾರಿ ನೆಲದ ಮೇಲೆ ಇರಲಿಲ್ಲ; ಮಣ್ಣನ್ನೆಲ್ಲ ತೆಗೆದುಕೊಂಡು ಹೋದ ಮೇಲೆ ಉಳಿದ ಬಿಳಿಯ ಕಲ್ಲುಗಳು ಹಲ್ಲಿನಂತೆ ಎದ್ದು ನಿಂತಿದ್ದವು, ನಡುವೆ ಆಳೆತ್ತರದ ಹೊಂಡಗಳು. ನಾಲ್ಕನೆಯ ದಿನ, ಯಂತ್ರ ಏರಲಾರದೆ ಬಿಟ್ಟ ಅಂಚಿನಲ್ಲಿ, ಒಂದು ಬಂಡೆ ನಿಂತಿತ್ತು, ಇನ್ನೊಂದು ಅದರ ಕಾಲ ಬುಡದಲ್ಲಿ ಬಿದ್ದಿತ್ತು. ಸಮುದ್ರಕ್ಕೆ ಬೆನ್ನು ಮಾಡಿದಳು. ಎಡಗಾಲ ಹತ್ತಿರದ ಬಳ್ಳಿ ಸರಿಸಿದಳು. ಉಸಿರು ಬಿಟ್ಟು ತೆವಳಿದಳು.

ಒಳಗೆ ತಂಪು. ಟಾರ್ಚು ಆರಿಸಿ ಕುಳಿತಳು. ಎಲ್ಲೋ ಒಂದು ಹನಿ ಬಿತ್ತು. ಎಣಿಸತೊಡಗಿದಳು. ಏಳಾಯಿತು. ಬೀಳಲಿಲ್ಲ. ಹತ್ತಾಯಿತು, ಹದಿನೈದಾಯಿತು. ತನಗೆ ಕೇಳಿಸಲಿಲ್ಲವೇನೋ ಎಂದು ಉಸಿರು ಹಿಡಿದಳು. ಹತ್ತೊಂಬತ್ತಕ್ಕೆ ಬಿತ್ತು. ಮತ್ತೆ ಎಣಿಸಿದಳು. ಹತ್ತೊಂಬತ್ತು. ಕರಟದ ತಳದಲ್ಲಿ ಎರಡು ಗುಟುಕು ಕೂಡುವ ತನಕ, ಅಂದರೆ ಆ ಮಧ್ಯಾಹ್ನವೆಲ್ಲ, ಅವಳು ಅಲ್ಲೇ ಇದ್ದಳು. ಒಮ್ಮೆಯೂ ಅದು ಏಳಕ್ಕೆ ಬೀಳಲಿಲ್ಲ. ಅರ್ಧವನ್ನು ಕುಡಿದಳು, ತಾಯಿಯ ಹೆಸರು ಹೇಳಿ. ಕಲ್ಲಿನ ರುಚಿ. ಉಳಿದದ್ದನ್ನು ಸೀಸೆಗೆ ಹೊಯ್ದುಕೊಂಡಳು. ಈ ವರ್ಷ ಮಳೆ ಕಡಿಮೆಯೇ ಎಂದು ಅಲ್ಲಿ ವಾಸವಿರುವ ಹೆಂಗಸೊಬ್ಬಳನ್ನು ಕೇಳಿದಳು. "ಚೆನ್ನಾಗೇ ಆಗಿದೆ. ಗುಹೆ ನೀರು ಯಾವಾಗ್ಲೂ ಹಾಗೇ, ನಿಧಾನ" ಎಂದಳು ಅವಳು.

ಹಡಗಿನಲ್ಲಿ ಮರಳುವಾಗ ಆರು ದಿನವೂ ಬ್ವೇನಾ ಅದನ್ನೇ ಯೋಚಿಸಿದಳು. ಒಂಬತ್ತು ವರ್ಷದ ಹುಡುಗಿ ಕತ್ತಲಲ್ಲಿ ಕುಳಿತು ಎಷ್ಟು ನಿಧಾನವಾಗಿ ಎಣಿಸಿದ್ದಳೋ.

ಮಾಯೆರೆ ಸೀಸೆಯ ನೀರಿನಲ್ಲಿ ಬೆರಳು ಅದ್ದಿ ಹಣೆಗೆ ಹಚ್ಚಿಕೊಂಡಳು, ನಾಲಿಗೆಗೆ ಮುಟ್ಟಿಸಿಕೊಂಡಳು. ಕಿಟಕಿಯ ಕೆಳಗೆ ಟೊಂಕ್ ಎಂದಿತು. "ಅಲ್ಲಿ ಎಷ್ಟಕ್ಕೆ ಬೀಳುತ್ತೆ? ಎಣಿಸ್ದೆಯಾ?"

"ಎಣಿಸ್ದೆ ಅಜ್ಜಿ. ಏಳಕ್ಕೆ."

"ನಂಗೊತ್ತು" ಎಂದು ಮುದುಕಿ ನಕ್ಕಳು.

ಎರಡು ವರ್ಷದ ಮೇಲೆ ಮಾಯೆರೆ ತೀರಿಕೊಂಡಳು. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಡ್ರಮ್ಮನ್ನು ಅವರು ತೆಗೆಸಿಲ್ಲ, ಬ್ವೇನಾ ಬಿಡುವುದೂ ಇಲ್ಲ. ಅವಳಿಗೆ ಈಗ ಅರವತ್ತರ ಹತ್ತಿರ. ಪಂಪು ಒಮ್ಮೆ ಬದಲಾಗಿದೆ, ನೀಲಿ ಟ್ಯಾಂಕು ಅದೇ. ಪ್ರತಿ ಶನಿವಾರ ಸೈಕಲ್ ಪಂಪು ಹಿಡಿದು ಮೇಲೆ ಹತ್ತುತ್ತಾಳೆ, ಗಾಳಿ ಹದಿನೆಂಟಕ್ಕೆ ತರುತ್ತಾಳೆ, ಆಮೇಲೆ ಕೊನೆಯ ಮನೆಯ ಹಿತ್ತಲಿಗೆ ಹೋಗಿ ಬೆರಳುಗಾತ್ರದ ವಾಲ್ವನ್ನು ಬಿಚ್ಚಿ ತೊಳೆದು ಮತ್ತೆ ಏಳಕ್ಕೆ ಕೂರಿಸುತ್ತಾಳೆ.

ಅಂಥದೇ ಇನ್ನೊಂದು ವಾಲ್ವು, ಇನ್ನೊಂದು ಡ್ರಮ್ಮು ಅವಳ ಮನೆಯ ಅಡುಗೆಯ ಚಪ್ಪರದ ಹಿಂದೆಯೂ ಇದೆ. ಸಂಜೆ ಮರಗೆಣಸು ಬೇಯಲು ಇಟ್ಟು ಅವಳು ಅಲ್ಲಿ ಹೋಗಿ ಕೂರುತ್ತಾಳೆ. ಮಾತಾಡುವುದಿಲ್ಲ. ಟಾವಿತಾ ಬಲೆ ಹೆಣೆಯುತ್ತ ಈಚೆಗೆ ಕುಳಿತಿರುತ್ತಾನೆ.

"ನಿನ್ನದು ಕೆಟ್ಟುಹೋಗಿದೆ ಕಣೇ. ಬೀಳೋದೇ ಇಲ್ಲ" ಎನ್ನುತ್ತಾನೆ.

ಬ್ವೇನಾ ಕೈ ಎತ್ತಿ ಸುಮ್ಮನಿರು ಎನ್ನುತ್ತಾಳೆ. ಅವಳ ಎಣಿಕೆ ಇನ್ನೂ ಹನ್ನೆರಡರಲ್ಲಿರುತ್ತದೆ.